ಬಿಎ ಸೈಕಾಲಜಿ ಮುಗಿಸಿದವರಿಗೆ ತುಮಕೂರು ಕಡೆ ಕೆಲಸ ಇದೆಯಾ?

ಗುಬ್ಬಿ ಗೀಜಗ:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ಇತಿಹಾಸ, ಐಚ್ಛಿಕ ಕನ್ನಡ, ಸೈಕಾಲಜಿ. ಮೊದಲೆರಡು ಕಾಂಬಿನೇಷನ್ ಜೊತೆ ಬಂದವು, ಸೈಕಾಲಜಿ ಮಾತ್ರ ನಾನೇ ಹಟ ಹಿಡಿದು ತೆಗೆದುಕೊಂಡಿದ್ದು. ಮುಂದೆಯೂ ಅದನ್ನೇ ಓದಬೇಕು ಅಂತ ಆಸೆ. ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ, ಅದನ್ನು ಓದಿ ಏನು ಕೆಲಸ ಮಾಡುತ್ತೀಯ ಅಂತ. ಅಪ್ಪ ಬಿ.ಇಡಿ. ಮಾಡು ಅನ್ನುತ್ತಾರೆ. ಸೋದರಮಾವ ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಾರೆ. ಕಾಲೇಜಿನ ಸೀನಿಯರ್ ಒಬ್ಬರು ಎಂಎ ಆದರೆ ಸಾಕು, ಕ್ಲಿನಿಕ್ ಹಾಕಬಹುದು ಅಂದರು. ಇನ್ನೊಬ್ಬರು ಆರ್‌ಸಿಐ ಅನ್ನುವ ಪರಿಷತ್ತಿನ ನೋಂದಣಿ ನಂಬರ್ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ ಅಂದರು. ಗೂಗಲ್‌ನಲ್ಲಿ ಹುಡುಕಿದರೆ ಅಮೆರಿಕದ ಸಂಬಳ ತೋರಿಸುತ್ತದೆ.

ಬೆಂಗಳೂರಿನಲ್ಲಿ ಪಿಜಿ ಹಿಡಿದು ಓದುವಷ್ಟು ಅನುಕೂಲ ಮನೆಯಲ್ಲಿ ಇಲ್ಲ. ಓದಿದ ಮೇಲೂ ಆದಷ್ಟು ನಮ್ಮ ಕಡೆಯೇ ಇರಬೇಕು. ಈ ಫೀಲ್ಡಿನಲ್ಲಿ ಇರುವವರು ಇದ್ದದ್ದು ಇದ್ದ ಹಾಗೆ ಹೇಳಿ, ಪ್ಲೀಸ್.

ಸುಮ್ನೆ ಓದುಗ:
ಇದ್ದದ್ದು ಇದ್ದ ಹಾಗೆ ಹೇಳುವುದಾದರೆ, ಬೇಡ ತಂಗಿ. ನಾನು ಎಂಎಸ್‌ಸಿ ಸೈಕಾಲಜಿ ಮಾಡಿದವನು. ಈಗ ಶಿರಾದಲ್ಲಿ ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಓದು ಮುಗಿದ ಮೇಲೆ ಪೇಪರ್‌ನಲ್ಲಿ "ಮನೋವಿಜ್ಞಾನಿ ಬೇಕಾಗಿದ್ದಾರೆ" ಅನ್ನುವ ಜಾಹೀರಾತು ಹುಡುಕಿದ್ದೇ ಹುಡುಕಿದ್ದು. ಒಂದೂ ಕಣ್ಣಿಗೆ ಬೀಳಲಿಲ್ಲ. ಎಲ್ಲರೂ ಮಾನಸಿಕ ಆರೋಗ್ಯ ಮುಖ್ಯ ಅಂತ ಭಾಷಣ ಮಾಡುತ್ತಾರೆ. ಸಂಬಳ ಕೊಡುವವರು ಮಾತ್ರ ಯಾರೂ ಇಲ್ಲ. ಬ್ಯಾಂಕ್ ಪರೀಕ್ಷೆ ಬರಿ. ನಿನ್ನ ಸೋದರಮಾವನೇ ಸರಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಓದುಗ ಅಣ್ಣ, ಆ ಹೆಸರಿನಲ್ಲಿ ಇನ್ನು ಹತ್ತು ವರ್ಷ ಹುಡುಕಿದರೂ ಸಿಗುವುದಿಲ್ಲ. ನಮ್ಮಂಥ ಜಿಲ್ಲೆಗಳಲ್ಲಿ ಸೈಕಾಲಜಿ ಓದಿದವರ ಕೆಲಸ ಬೇರೆ ಬೇರೆ ಇಲಾಖೆಗಳಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಚದುರಿಕೊಂಡಿದೆ. ಜಾಸ್ತಿ ಕಡೆ ಹುದ್ದೆಯ ಹೆಸರು "ಆಪ್ತ ಸಮಾಲೋಚಕರು". ನಾನೂ ಅದೇ. ಎಂಎ ಸೈಕಾಲಜಿ ಮಾಡಿ ಈಗ ಒಂದು ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ ಇದ್ದೇನೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ.

ಆರೋಗ್ಯ ಇಲಾಖೆಯಲ್ಲಿ ಇದಲ್ಲದೆ ಹದಿಹರೆಯದವರಿಗೆ ಅಂತ ಸ್ನೇಹಾ ಕ್ಲಿನಿಕ್ ಇದೆ. ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಬಂದರೆ ಸಖಿ ಒನ್ ಸ್ಟಾಪ್ ಸೆಂಟರ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಾಂತ್ವನ ಕೇಂದ್ರ. ಇದರ ಹೊರಗೆ ಕುಡಿತ ಬಿಡಿಸುವ ಕೇಂದ್ರಗಳು, ಅನುದಾನದ ಮೇಲೆ ನಡೆಯುವ ಸಂಸ್ಥೆಗಳು. ಈ ಜಾಹೀರಾತು ರಾಜ್ಯಮಟ್ಟದ ಪೇಪರ್‌ನಲ್ಲಿ ದೊಡ್ಡದಾಗಿ ಬರುವುದು ಅಪರೂಪ. ಜಿಲ್ಲಾ ವೆಬ್‌ಸೈಟಿನ ನೇಮಕಾತಿ ಪುಟದಲ್ಲಿ, ಡಿಎಚ್‌ಒ ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ, ಜಿಲ್ಲೆಯ ಪುಟದ ಮೂಲೆಯಲ್ಲಿ ಬರುತ್ತದೆ. ಕೊನೆಯ ದಿನಾಂಕ ಬೇಗ ಮುಗಿದುಹೋಗುತ್ತದೆ.

ಇನ್ನು ಕಹಿ ಮಾತು. ಎಲ್ಲವೂ ಗುತ್ತಿಗೆ. ನನ್ನ ಕೈಗೆ ಬರುವುದು ಇಪ್ಪತ್ತು ಸಾವಿರದ ಆಸುಪಾಸು. ಯೋಜನೆ ಮುಂದುವರಿದರೆ ನಾವೂ ಮುಂದುವರಿಯುತ್ತೇವೆ. ಮತ್ತೆ ಹೆಚ್ಚಿನ ಕಡೆ ಅರ್ಹತೆ "ಎಂಎಸ್‌ಡಬ್ಲ್ಯೂ ಅಥವಾ ಎಂಎ ಮನೋವಿಜ್ಞಾನ" ಅಂತ ಇರುತ್ತದೆ. ಅಂದರೆ ಒಂದು ಹುದ್ದೆಗೆ ಸಮಾಜಕಾರ್ಯ ಓದಿದವರೂ ಅರ್ಜಿ ಹಾಕುತ್ತಾರೆ. ಅವರಿಗೆ ಓದುವಾಗಲೇ ವಾರಕ್ಕೆ ಇಷ್ಟು ದಿನ ಫೀಲ್ಡ್ ವರ್ಕ್ ಇರುತ್ತದೆ. ಸಂದರ್ಶನದಲ್ಲಿ "ಜನರ ಜೊತೆ ಏನು ಕೆಲಸ ಮಾಡಿದ್ದೀರಿ" ಅಂತ ಕೇಳಿದಾಗ ಅವರ ಬಳಿ ಉತ್ತರ ಇರುತ್ತದೆ. ನಮ್ಮವರು ಫ್ರಾಯ್ಡ್ ಹೇಳಲು ಹೋಗಿ ಸಿಕ್ಕಿಕೊಳ್ಳುತ್ತಾರೆ.

ಗುಬ್ಬಿ ಗೀಜಗ:
ಅಕ್ಕ, ಐಸಿಟಿಸಿಯಲ್ಲಿ ದಿನಾ ಏನು ಕೆಲಸ ಇರುತ್ತದೆ? ಓದಿದ್ದು ಉಪಯೋಗಕ್ಕೆ ಬರುತ್ತದಾ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಬರುತ್ತದೆ, ಪುಸ್ತಕದಲ್ಲಿ ಇದ್ದ ರೂಪದಲ್ಲಿ ಅಲ್ಲ. ಬೆಳಿಗ್ಗೆ ತಾಯಿ ಕಾರ್ಡ್ ಹಿಡಿದುಕೊಂಡು ಬಸುರಿ ಹೆಂಗಸರು ಬೆಂಚಿನ ತುಂಬ ಕೂತಿರುತ್ತಾರೆ. ಅವರೆಲ್ಲರಿಗೂ ಎಚ್‌ಐವಿ ಪರೀಕ್ಷೆ ಮಾಡುತ್ತೇವೆ. ಮಾಡುವ ಮುಂಚೆ ಯಾಕೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು. ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ. ಬಾಗೇಪಲ್ಲಿ ಕಡೆಯ ಹೆಂಗಸಾದರೆ ತೆಲುಗಿನಲ್ಲಿ ಹೇಳಬೇಕು. ಶಿಡ್ಲಘಟ್ಟದ ರೀಲಿಂಗ್ ಕೆಲಸದವರ ಮನೆಯವರಾದರೆ ಉರ್ದು ಮಾತಾಡುತ್ತಾರೆ. ಅತ್ತೆ ಬಾಗಿಲಲ್ಲೇ ನಿಂತಿರುತ್ತಾರೆ, "ನನ್ನ ಎದುರಿಗೇ ಹೇಳಿ" ಅನ್ನುತ್ತಾರೆ. ಅವರನ್ನು ನೋಯಿಸದೆ ಹೊರಗೆ ಕೂರಿಸುವುದು ಮೊದಲ ಕೆಲಸ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಫಲಿತಾಂಶವನ್ನು ಅವಳ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳುವ ಹಾಗಿಲ್ಲ, ಅತ್ತೆಗೂ ಇಲ್ಲ. ಗಂಡನಿಗೆ ಹೇಳುವುದಕ್ಕೂ ಕಾಯ್ದೆಯಲ್ಲಿ ಬಿಗಿಯಾದ ಷರತ್ತುಗಳಿವೆ.

ಪಾಸಿಟಿವ್ ಬಂದ ದಿನ ಬೇರೆ. ರಿಪೋರ್ಟ್ ನನ್ನ ಮೇಜಿನ ಡ್ರಾಯರ್‌ನಲ್ಲಿ ಇರುತ್ತದೆ, ಅವಳು ಎದುರಿಗೆ ಕೂತು ಸಂಜೆ ಬಸ್ಸು ಎಷ್ಟು ಗಂಟೆಗೆ ಅಂತ ಕೇಳುತ್ತಿರುತ್ತಾಳೆ. ಆಗ ಮೊದಲ ವಾಕ್ಯ ಏನು ಹೇಳಬೇಕು ಅನ್ನುವುದನ್ನು ಎಂಎ ಸಿಲಬಸ್ ಕಲಿಸಲಿಲ್ಲ. ಸುಮ್ಮನೆ ಕೂತು ಕೇಳುವುದನ್ನು, ಅವಸರಕ್ಕೆ ಸಮಾಧಾನ ಹೇಳದೇ ಇರುವುದನ್ನು ಮಾತ್ರ ಕಲಿಸಿತ್ತು. ಅದು ದಿನಾ ಬೇಕಾಗುತ್ತದೆ.

ಅಂತರಗಂಗೆ, ಕೋಲಾರ:
ಗೀಜಗ, ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನಿನ್ನ ಸೀನಿಯರ್‌ಗಳು ಇಬ್ಬರೂ ಅರ್ಧರ್ಧ ಸರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಇದನ್ನು ಎಂಎಗೆ ಸೇರುವ ಮುಂಚೆಯೇ ತಿಳಿದುಕೊಳ್ಳಬೇಕು. ಸೇರಿದ ಮೇಲೆ ತಿಳಿದರೆ ಎರಡು ವರ್ಷ ಹೋಗಿರುತ್ತದೆ.

ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆಯದು. ಅದರ ನೋಂದಣಿ ಪುಸ್ತಕದಲ್ಲಿ ಹೆಸರಿದ್ದರೆ ಮಾತ್ರ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಯಾರು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬಿಡಿಸಿ ಬರೆದಿದ್ದಾರೆ. ಆರ್‌ಸಿಐ ಒಪ್ಪಿದ ಕೋರ್ಸ್ ಆಗಿರಬೇಕು, ಇಲ್ಲವಾದರೆ ಎಂಎ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಆಗಿರಬೇಕು, ಅದರಲ್ಲಿ ಹಿರಿಯರ ಉಸ್ತುವಾರಿಯಲ್ಲಿ ರೋಗಿಗಳನ್ನು ನೋಡಿದ ತರಬೇತಿ ಇರಬೇಕು. ಬರೀ ಎಂಎ ಸಾಲದು.

ನಮ್ಮ ಕಾಲಕ್ಕೆ ದಾರಿ ಸುಲಭವಾಗಿ ಗೊತ್ತಾಗುತ್ತಿತ್ತು. ಎಂಎ ಮಾಡು, ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಎಂಫಿಲ್ ಪ್ರವೇಶ ಪರೀಕ್ಷೆ ಬರಿ. ಈಗ ಆ ಎಂಫಿಲ್ಲೇ ಹೋಗುತ್ತಿದೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2022ರಲ್ಲಿ ಎಂಫಿಲ್ ಪದವಿಯನ್ನು ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೂ ಮಾತ್ರ 2025-26ರ ಸಾಲಿನವರೆಗೆ ಅವಕಾಶ ಕೊಟ್ಟಿತು. ಅದರ ಬದಲಿಗೆ ಆರ್‌ಸಿಐ ಹೊಸ ಕೋರ್ಸುಗಳನ್ನು ತಂದಿದೆ. ಪಿಯುಸಿ ಆದವರಿಗೆ ನಾಲ್ಕು ವರ್ಷದ ಬಿಎಸ್‌ಸಿ ಆನರ್ಸ್, ಪದವಿ ಆದವರಿಗೆ ಎರಡು ವರ್ಷದ ಎಂಎ, ಎರಡೂ ಕ್ಲಿನಿಕಲ್ ಸೈಕಾಲಜಿಯಲ್ಲೇ.

ಮೋಸ ಹೋಗುವುದು ಇಲ್ಲಿಯೇ. ಬ್ರೋಷರ್‌ನಲ್ಲಿ "ಎಂಎಸ್‌ಸಿ ಕ್ಲಿನಿಕಲ್ ಸೈಕಾಲಜಿ" ಅಂತ ದಪ್ಪ ಅಕ್ಷರದಲ್ಲಿ ಬರೆದ ಕಾಲೇಜು ಬೇಕಾದಷ್ಟಿವೆ. ಕೋರ್ಸ್ ಹೆಸರಿನಲ್ಲಿ ಕ್ಲಿನಿಕಲ್ ಇದ್ದ ಮಾತ್ರಕ್ಕೆ ಆರ್‌ಸಿಐ ನಂಬರ್ ಬರುವುದಿಲ್ಲ. ಆ ಕಾಲೇಜಿಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಒಪ್ಪಿಗೆ ಇದೆಯಾ ಅಂತ ಆರ್‌ಸಿಐ ವೆಬ್‌ಸೈಟಿನ ಪಟ್ಟಿಯಲ್ಲಿ ನೋಡಬೇಕು. ಅಡ್ಮಿಷನ್ ಕೌಂಟರ್‌ನಲ್ಲಿ ಕೂತವರ ಮಾತು ನಂಬಬೇಡ. ಅವರಿಗೆ ಸೀಟು ತುಂಬಿದರೆ ಸಾಕು.

ಇನ್ನೊಂದು ಸಣ್ಣ ದಾರಿಯೂ ಇದೆ. ಎಂಎ ಸೈಕಾಲಜಿ ಆದವರಿಗೆ ಪುನರ್ವಸತಿ ಮನೋವಿಜ್ಞಾನದಲ್ಲಿ ಒಂದು ವರ್ಷದ ಪಿಜಿ ಡಿಪ್ಲೊಮಾ. ಅದೂ ಆರ್‌ಸಿಐ ನೋಂದಣಿ ಕೊಡುತ್ತದೆ, ಕ್ಲಿನಿಕಲ್ ಅಲ್ಲ, ರಿಹ್ಯಾಬಿಲಿಟೇಷನ್ ಸೈಕಾಲಜಿಸ್ಟ್ ಅಂತ. ಅಂಗವಿಕಲ ಮಕ್ಕಳ ಜೊತೆ ಕೆಲಸ ಮಾಡಬೇಕು ಅನ್ನುವವರಿಗೆ ಒಳ್ಳೆಯದು.

ಸುಮ್ನೆ ಓದುಗ:
ಮೇಡಂ, ಇಷ್ಟೆಲ್ಲ ಮಾಡಿದ ಮೇಲೆ ಕೋಲಾರ, ತುಮಕೂರಿನಲ್ಲಿ ಪೋಸ್ಟ್ ಎಲ್ಲಿದೆ? ಅದನ್ನು ಹೇಳಿ.

ಅಂತರಗಂಗೆ, ಕೋಲಾರ:
ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ. ಇದು ದೇಶದಲ್ಲಿ 1996ರಲ್ಲಿ ಶುರುವಾಗಿದ್ದು, ಅದಕ್ಕೆ ಮಾದರಿ ಆಗಿದ್ದು ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ಅದರ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್, ನರ್ಸ್ ಇರಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುವುದು ನೋಡಿರಬಹುದು. ಹುದ್ದೆ ಜಿಲ್ಲೆಗೆ ಒಂದೇ, ಅದೂ ಗುತ್ತಿಗೆ. ನಿಜ. ಆದರೆ ಅರ್ಜಿ ಹಾಕುವ ಅರ್ಹರೂ ಕಡಿಮೆ. ಆರ್‌ಸಿಐ ನಂಬರ್ ಸಿಕ್ಕವರು ಬೆಂಗಳೂರು ಬಿಟ್ಟು ಬರುವುದಿಲ್ಲ.

ಮೆಡಿಕಲ್ ಕಾಲೇಜುಗಳ ಮನೋರೋಗ ವಿಭಾಗದಲ್ಲೂ ನಮ್ಮವರು ಬೇಕು. ಕೋಲಾರದ ಟಮಕದಲ್ಲೂ ಮೆಡಿಕಲ್ ಕಾಲೇಜು ಇದೆ, ತುಮಕೂರಿನಲ್ಲೂ ಇವೆ. ಅದಕ್ಕಿಂತ ಜಾಸ್ತಿ ಕೆಲಸ ಇರುವುದು ಅಂಗವಿಕಲರ ಪ್ರಮಾಣಪತ್ರದಲ್ಲಿ. 2016ರ ಕಾಯ್ದೆ ಬಂದ ಮೇಲೆ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ಬುದ್ಧಿಮಾಂದ್ಯತೆ, ಆಟಿಸಂ, ಕಲಿಕೆಯ ತೊಂದರೆ ಎಲ್ಲ ಅದರಲ್ಲಿ ಸೇರಿವೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬೇಕಾದರೆ ಯಾರಾದರೂ ಕೂತು ಮಗುವನ್ನು ಪರೀಕ್ಷೆ ಮಾಡಲೇಬೇಕು ಅಲ್ವಾ?

ರೇಷ್ಮೆ ಗೂಡು, ಶಿಡ್ಲಘಟ್ಟ:
ನಾನು ಸೈಕಾಲಜಿ ಓದಿದವಳಲ್ಲ. ಮಗನಿಗಾಗಿ ಓಡಾಡಿದವಳು. ಅಂತರಗಂಗೆ ಮೇಡಂ ಹೇಳಿದ ಆ ಪರೀಕ್ಷೆಯ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಗ ಮೂರನೇ ಕ್ಲಾಸಿಗೆ ಬಂದರೂ ಓದಲು ಬರುತ್ತಿರಲಿಲ್ಲ. ಶಾಲೆಯವರು ದಡ್ಡ ಅಂದರು. ಬೆಂಗಳೂರಿನ ಒಂದು ಖಾಸಗಿ ಸೆಂಟರ್‌ನಲ್ಲಿ ಇಂಗ್ಲಿಷ್‌ನಲ್ಲೇ ಪ್ರಶ್ನೆ ಕೇಳಿದರು. ಅವನಿಗೆ ಅರ್ಧ ಅರ್ಥವಾಗಲಿಲ್ಲ. ದುಡ್ಡು ಕಟ್ಟಿಸಿಕೊಂಡು ಒಂದು ರಿಪೋರ್ಟ್ ಕೊಟ್ಟರು, ಅದರಲ್ಲಿ ಐಕ್ಯೂ ತೀರಾ ಕಡಿಮೆ ಅಂತ ಇತ್ತು. ಆಮೇಲೆ ಯಾರೋ ಹೇಳಿ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಮೇಡಂ ಹತ್ತಿರ ಹೋದೆವು. ಅವರು ಮೊದಲು ಮರದ ಹಲಗೆ ಕೊಟ್ಟರು. ಅದರಲ್ಲಿ ಚೌಕ, ನಕ್ಷತ್ರ, ಅರ್ಧಚಂದ್ರ ಹೀಗೆ ಹತ್ತು ಗುಳಿ. ತುಂಡುಗಳನ್ನು ಸರಿಯಾದ ಗುಳಿಗೆ ಕೂರಿಸಬೇಕು. ಅವನು ಸರಸರ ಕೂರಿಸಿ ನನ್ನ ಮುಖ ನೋಡಿದ. ಆಮೇಲೆ ಪ್ರಶ್ನೆ ಕೇಳುವಾಗ ಕನ್ನಡದಲ್ಲಿ ತಡವರಿಸಿದ. ಮೇಡಂ ತೆಲುಗಿಗೆ ತಿರುಗಿದರು. ನಮ್ಮ ಮನೆಯಲ್ಲಿ ತೆಲುಗೇ ಮಾತಾಡುವುದು. ಹುಡುಗ ಬಾಯಿ ಬಿಟ್ಟ. ಕೊನೆಗೆ ಗೊತ್ತಾಗಿದ್ದು ಏನೆಂದರೆ ಬುದ್ಧಿಗೆ ಏನೂ ಆಗಿಲ್ಲ, ಓದುವುದರಲ್ಲಿ ಮಾತ್ರ ತೊಂದರೆ.

ಗೀಜಗ ಪುಟ್ಟಿ, ನೀನು ಓದುವುದಾದರೆ ಓದು. ಆದರೆ ನಮ್ಮ ಭಾಷೆಯಲ್ಲಿ ಮಕ್ಕಳ ಜೊತೆ ಮಾತಾಡುವುದನ್ನು ಕಲಿತುಕೊ.

ಅಂತರಗಂಗೆ, ಕೋಲಾರ:
ಅಕ್ಕ, ಆ ಹಲಗೆಗೆ ಸೆಗ್ಯಾನ್ ಫಾರ್ಮ್ ಬೋರ್ಡ್ ಅನ್ನುತ್ತೇವೆ. ನಿಮ್ಮ ಮಗನಿಗೆ ಆದದ್ದು ನಾನು ದಿನಾ ನೋಡುವ ವಿಷಯ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ, ಆ ಕಡೆ ಪಾವಗಡ, ಎಲ್ಲ ಕಡೆ ಮನೆಮಾತು ತೆಲುಗು ಇರುವ ಮಕ್ಕಳು ಬೇಕಾದಷ್ಟು. ಇಂಗ್ಲಿಷ್‌ನಲ್ಲಿ ಕೇಳಿದರೆ ಅಳತೆ ಆಗುವುದು ಬುದ್ಧಿ ಅಲ್ಲ, ಇಂಗ್ಲಿಷ್.

ಇನ್ನೊಂದು ವಿಷಯ, ನಾವು ಜಾಸ್ತಿ ಬಳಸುವ ಬಿನೆ-ಕಾಮತ್ ಪರೀಕ್ಷೆ ಹುಟ್ಟಿದ್ದೇ ಧಾರವಾಡದಲ್ಲಿ. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಸ್ವಾತಂತ್ರ್ಯಕ್ಕೂ ಮುಂಚೆ ಅದನ್ನು ಹೊಂದಿಸಿದರು. ಅಷ್ಟು ಹಿಂದೆಯೇ ಒಬ್ಬರು ನಮ್ಮ ಮಕ್ಕಳನ್ನು ನಮ್ಮ ಭಾಷೆಯಲ್ಲಿ ಕೇಳಬೇಕು ಅಂದುಕೊಂಡಿದ್ದರು. ಈಗಿನ ಸೆಂಟರ್‌ಗಳಿಗೆ ಅದು ಹೊಳೆಯುವುದಿಲ್ಲ.

ಗೀಜಗ, ಕನ್ನಡ ಮೀಡಿಯಂ ಅಂತ ನಿನಗೆ ಅಳುಕು ಇದ್ದರೆ ಬಿಡು. ಓದುವ ಪುಸ್ತಕ ಇಂಗ್ಲಿಷ್‌ನಲ್ಲೇ ಇರುತ್ತವೆ, ಅದನ್ನು ಓದುವಷ್ಟು ಇಂಗ್ಲಿಷ್ ಬೇಕೇ ಬೇಕು. ಆದರೆ ಜಿಲ್ಲೆಯಲ್ಲಿ ಕೂತು ಕೆಲಸ ಮಾಡಲು ಬೆಂಗಳೂರಿನ ಇಂಗ್ಲಿಷ್ ಹುಡುಗಿಗಿಂತ ನೀನೇ ವಾಸಿ. ಪಾವಗಡದವರ ಜೊತೆ ಸ್ವಲ್ಪ ತೆಲುಗು ಕಲಿತರೆ ಇನ್ನೂ ವಾಸಿ.

ವಸಂತನರಸಾಪುರ ಮಂಜ:
ಎಲ್ಲರೂ ಆಸ್ಪತ್ರೆ ಕಡೆಯೇ ಹೋದಿರಿ. ಫ್ಯಾಕ್ಟರಿ ಕಡೆಯೂ ಒಂದು ಸಲ ನೋಡಿ. ನಾನು ಬಿಎ ಸೈಕಾಲಜಿ, ಆಮೇಲೆ ಎಂಬಿಎ ಎಚ್‌ಆರ್. ಈಗ ತುಮಕೂರು ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯಲ್ಲಿ ಎಚ್‌ಆರ್. ಕೋಲಾರದವರಿಗೆ ನರಸಾಪುರ, ವೇಮಗಲ್ ಇವೆ. ಅಲ್ಲಂತೂ ಹಾಸ್ಟೆಲಿನಲ್ಲಿ ಇದ್ದು ಶಿಫ್ಟ್ ಮಾಡುವ ಹುಡುಗಿಯರು ಸಾವಿರಗಟ್ಟಲೆ.

ಸೈಕಾಲಜಿ ಒಂದನ್ನೇ ನೋಡಿ ಯಾವ ಫ್ಯಾಕ್ಟರಿಯೂ ಕೆಲಸ ಕೊಡುವುದಿಲ್ಲ. ವೆಲ್‌ಫೇರ್ ಆಫೀಸರ್ ಹುದ್ದೆಗೆ ಎಂಎಸ್‌ಡಬ್ಲ್ಯೂ ಕೇಳುತ್ತಾರೆ. ನೇಮಕಾತಿ, ಟ್ರೈನಿಂಗ್ ಕಡೆ ಎಂಬಿಎ. ಸೈಕಾಲಜಿ ಅದರ ಕೆಳಗಿನ ಅಡಿಪಾಯ ಆಗುತ್ತದೆ ಅಷ್ಟೆ. ಆದರೆ ಆ ಅಡಿಪಾಯ ಕೆಲಸಕ್ಕೆ ಬರುತ್ತದೆ. ರಾತ್ರಿ ಪಾಳಿಯಲ್ಲಿ ಹುಡುಗ ಮೇಲಿಂದ ಮೇಲೆ ರಜೆ ಹಾಕಿದರೆ ಸೂಪರ್‌ವೈಸರ್ ಮೆಮೊ ಕೊಡು ಅನ್ನುತ್ತಾನೆ. ನಾನು ಮೊದಲು ಕರೆದು ಕೂರಿಸಿ ಮಾತಾಡುತ್ತೇನೆ. ಅರ್ಧಕ್ಕರ್ಧ ಕೇಸಿನಲ್ಲಿ ಮನೆಯ ಸಾಲ, ಇಲ್ಲ ಮೈಕ್ರೊ ಫೈನಾನ್ಸ್‌ನವರ ಕಾಟ. ಸಂಬಳ? ಆಪ್ತ ಸಮಾಲೋಚಕರಿಗಿಂತ ಜಾಸ್ತಿ ಅಂತ ಮಾತ್ರ ಹೇಳುತ್ತೇನೆ, ಇಲ್ಲಿ ನಮ್ಮ ಬಾಸ್ ಕೂಡ ಇರಬಹುದು.

ಹೊಸ ಬೆಳಕು ತುಮಕೂರು:
ನಾನು ಗೃಹಿಣಿ. ಬಿಕಾಂ ಆಗಿದೆ. ಆನ್‌ಲೈನ್‌ನಲ್ಲಿ ಮೂರು ತಿಂಗಳ ಡಿಪ್ಲೊಮಾ ಇನ್ ಸೈಕಾಲಜಿ ಅಂತ ಇದೆ, ಸರ್ಟಿಫಿಕೇಟ್ ಕೊಡುತ್ತಾರೆ, ಆಮೇಲೆ ಸ್ವಂತ ಕೌನ್ಸೆಲಿಂಗ್ ಸೆಂಟರ್ ಹಾಕಬಹುದು ಅಂತ ಹೇಳಿದರು. ಇದಕ್ಕೆ ಇಷ್ಟು ವರ್ಷ ಓದಬೇಕಾ? ಯಾರಾದರೂ ಮಾಡಿದ್ದೀರಾ?

ಅಂತರಗಂಗೆ, ಕೋಲಾರ:
ಮೇಡಂ, ದಯವಿಟ್ಟು ದುಡ್ಡು ಕಟ್ಟಬೇಡಿ. ಆರ್‌ಸಿಐ ಕಾಯ್ದೆಯ 13ನೇ ಸೆಕ್ಷನ್ ನೋಡಿ. ನೋಂದಣಿ ಇಲ್ಲದೆ ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲ ಸಾವಿರ ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಸಾವಿರ ರೂಪಾಯಿ ಅಂತ ನಗಬೇಡಿ, 1992ರ ಲೆಕ್ಕ ಅದು. "ಕೌನ್ಸೆಲರ್" ಅನ್ನುವ ಬೋರ್ಡಿಗೆ ಅಂಥ ಬಿಗಿ ಇಲ್ಲ ಅನ್ನುವುದೂ ನಿಜ. ಅದಕ್ಕೇ ಬೀದಿಗೊಂದು ಸೆಂಟರ್ ಆಗಿರುವುದು.

ಕಾನೂನು ಬಿಡಿ. ಬಾಗಿಲು ತೆಗೆದ ಮೊದಲ ವಾರವೇ ನಿದ್ದೆ ಇಲ್ಲದ, ಯಾರೋ ತನ್ನ ಬಗ್ಗೆ ಮಾತಾಡಿದ ಹಾಗೆ ಕೇಳಿಸುವ ಹುಡುಗನನ್ನು ಅವರಮ್ಮ ಕರೆದುಕೊಂಡು ಬರುತ್ತಾರೆ. ಅದು ಟೆನ್ಷನ್ ಅಲ್ಲ, ಮನೋವೈದ್ಯರ ಬಳಿ ಇವತ್ತೇ ಕಳಿಸಬೇಕಾದ ಕಾಯಿಲೆ ಅಂತ ಮೂರು ತಿಂಗಳ ಕೋರ್ಸ್ ಹೇಳಿಕೊಡುವುದಿಲ್ಲ. ನೀವು ಧೈರ್ಯ ಹೇಳಿ ಕಳಿಸುತ್ತೀರಿ. ಅವನಿಗೆ ಆರು ತಿಂಗಳು ತಡವಾಗುತ್ತದೆ.

ಹೊಸ ಬೆಳಕು ತುಮಕೂರು:
ಇಷ್ಟು ಖಾರವಾಗಿ ಹೇಳಬೇಕಿರಲಿಲ್ಲ ಮೇಡಂ. ನಮ್ಮ ಬೀದಿಯಲ್ಲಿ ಹೆಂಗಸರು ನನ್ನ ಹತ್ತಿರ ಬಂದು ಕಷ್ಟ ಹೇಳಿಕೊಳ್ಳುತ್ತಾರೆ, ಅದಕ್ಕೆ ಕೇಳಿದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಅದು ಒಳ್ಳೆಯದೇ ಅಕ್ಕ. ಕೇಳುವ ಕಿವಿ ಇರುವವರು ಬೇಕು. ದುಡ್ಡು ತೆಗೆದುಕೊಂಡು ಬೋರ್ಡ್ ಹಾಕುವುದು ಬೇರೆ. ಭಾರ ಅನ್ನಿಸಿದವರಿಗೆ 14416 ನಂಬರ್ ಕೊಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ದಿನಪೂರ್ತಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮಾರಿಕುಪ್ಪಂ ಲೋಕಲ್:
ಟೆಲಿ ಮಾನಸ್ ಮಾತು ಬಂತು ಅಂತ ಬರೆಯುತ್ತೇನೆ. ಅದು 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ಇಡೀ ದೇಶಕ್ಕೆ ನಿಮ್ಹಾನ್ಸೇ ಮುಖ್ಯ ಕೇಂದ್ರ. ಸೈಕಾಲಜಿ, ಸಮಾಜಕಾರ್ಯ, ನರ್ಸಿಂಗ್ ಓದಿದವರನ್ನು ಕೌನ್ಸೆಲರ್ ಆಗಿ ತೆಗೆದುಕೊಳ್ಳುತ್ತಾರೆ. ಕನ್ನಡದ ಜೊತೆ ಇನ್ನೊಂದು ಭಾಷೆ ಬಂದರೆ ಲಾಭ.

ನಾನು ಕೆಜಿಎಫ್‌ನವನು. ಇಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ಬೆಳಿಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತದೆ. ನಾನೂ ಅದೇ. ಎಂಎಸ್‌ಸಿ ಆದ ಮೇಲೆ ಒಂದು ಆನ್‌ಲೈನ್ ಕೌನ್ಸೆಲಿಂಗ್ ಆ್ಯಪ್‌ನಲ್ಲಿ ಇದ್ದೆ. ಸೆಷನ್ ಲೆಕ್ಕದಲ್ಲಿ ದುಡ್ಡು. ದಿನಕ್ಕೆ ಇಷ್ಟು ಜನ ಅಂತ ಟಾರ್ಗೆಟ್. ಸಂಜೆ ಹೊತ್ತಿಗೆ ಯಾರ ಕಷ್ಟ ಯಾರದು ಅಂತ ಕಲಸಿಹೋಗುತ್ತಿತ್ತು. ನಮ್ಮನ್ನು ತಿದ್ದಿ ಹೇಳುವ ಹಿರಿಯರು ಯಾರೂ ಇರಲಿಲ್ಲ. ಬಿಟ್ಟೆ. ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಯೂಸರ್ ರಿಸರ್ಚ್. ಜನ ಆ್ಯಪ್ ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ನೋಡುವ ಕೆಲಸ. ಸೈಕಾಲಜಿಯಲ್ಲಿ ಕಲಿತ ಸಂಖ್ಯಾಶಾಸ್ತ್ರ, ಸಂದರ್ಶನ ಮಾಡುವ ಕ್ರಮ ಇಲ್ಲಿ ನೇರ ಉಪಯೋಗಕ್ಕೆ ಬಂತು. ಕ್ಲಾಸಿನಲ್ಲಿ ಎಲ್ಲರೂ ಬೈದುಕೊಳ್ಳುತ್ತಿದ್ದ ಪೇಪರ್ ಅದು. ಗೀಜಗ, ಸ್ಟ್ಯಾಟಿಸ್ಟಿಕ್ಸ್ ಬಿಡಬೇಡ.

ತಿಪಟೂರು ಮೇಷ್ಟ್ರು:
ತಡವಾಗಿ ನೋಡಿದೆ. ನಾನು ಸೈಕಾಲಜಿ ಪಾಠ ಹೇಳುವವನು. ಪಾಠ ಹೇಳುವ ಕೆಲಸದ ಬಗ್ಗೆ ಯಾರೂ ಬರೆದಿಲ್ಲವಲ್ಲ, ಅದನ್ನು ನಾನು ಬರೆಯುತ್ತೇನೆ.

ಪಿಯು ಉಪನ್ಯಾಸಕ ಆಗಲು ಸ್ನಾತಕೋತ್ತರ ಪದವಿ ಜೊತೆ ಬಿ.ಇಡಿ. ಬೇಕು. ಸೈಕಾಲಜಿ ಹೈಸ್ಕೂಲಿನ ವಿಷಯ ಅಲ್ಲ. ಬಿ.ಇಡಿ.ಯಲ್ಲಿ ಬೋಧನೆಗೆ ಆರಿಸಿಕೊಳ್ಳಬೇಕಾದ್ದು ಶಾಲೆಯ ವಿಷಯಗಳನ್ನು. ನಿನಗೆ ಇತಿಹಾಸ, ಕನ್ನಡ ಇರುವುದರಿಂದ ತೊಂದರೆ ಇಲ್ಲಮ್ಮ. ಡಿಗ್ರಿ ಕಾಲೇಜಿಗಾದರೆ ಎಂಎ ಮೇಲೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ, ಇಲ್ಲ ಪಿಎಚ್‌ಡಿ. ಸೈಕಾಲಜಿ ಎರಡರಲ್ಲೂ ಇದೆ. ಆದರೆ ಕಾಯಂ ಹುದ್ದೆಯ ಅಧಿಸೂಚನೆ ಯಾವಾಗ ಬರುತ್ತದೆ ಅನ್ನುವುದು ದೇವರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕ. ಅದರ ಪಾಡು ತುಮಕೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಂಬಳ ತಿಂಗಳಿಗೆ ಸರಿಯಾಗಿ ಬಂದರೆ ಹಬ್ಬ.

ನಮ್ಮ ರಾಜ್ಯದಲ್ಲಿ ಈ ವಿಷಯ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ "ಆಕಾಶವಾಣಿ" ಅಂತ ರೇಡಿಯೊ ಕೇಂದ್ರ ತೆರೆದಿದ್ದು. ಆಗಿನ ಸೈಕಾಲಜಿ ಪ್ರೊಫೆಸರ್‌ಗೂ ಸೈಡ್ ಕೆಲಸ ಇತ್ತು ಅಂತ ನನ್ನ ಅತಿಥಿ ಮಿತ್ರರಿಗೆ ಆಗಾಗ ಹೇಳುತ್ತಿರುತ್ತೇನೆ.

ಶಾಲೆಗಳ ಕಡೆ ಒಂದು ಮಾತು. ಸಿಬಿಎಸ್‌ಇ ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕು, ವಿಶೇಷ ಶಿಕ್ಷಕರು ಇರಬೇಕು ಅಂತ ನಿಯಮ ಇದೆ. ತುಮಕೂರು, ಕೋಲಾರ ಸುತ್ತ ಅಂಥ ಶಾಲೆಗಳು ಹೆಚ್ಚುತ್ತಿವೆ. ಕೆಲವು ಕಡೆ ಕೌನ್ಸೆಲರ್ ಅಂತ ಸೇರಿಸಿಕೊಂಡು ಅಡ್ಮಿಷನ್ ಡೆಸ್ಕ್‌ನಲ್ಲಿ ಕೂರಿಸುತ್ತಾರೆ, ಸೇರುವಾಗ ಕೇಳಿ ತಿಳಿದುಕೊಳ್ಳಿ. ವಿಶೇಷ ಬಿ.ಇಡಿ. ಮಾಡಿದವರಿಗೆ ಸರ್ಕಾರಿ ಕಡೆಯೂ ದಾರಿ ಇದೆ. ಬ್ಲಾಕ್ ಮಟ್ಟದಲ್ಲಿ ಅಂಗವಿಕಲ ಮಕ್ಕಳ ಕಲಿಕೆ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರು ಅಂತ ಇರುತ್ತಾರಲ್ಲ, ಅವರದೇ ಓದು ಅದು. ಅದಕ್ಕೂ ಆರ್‌ಸಿಐ ಒಪ್ಪಿದ ಕಾಲೇಜೇ ಆಗಬೇಕು.

ಗುಬ್ಬಿ ಗೀಜಗ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದು ಸಂದೇಹ. ಮನೆಯಲ್ಲೇ ಇದ್ದು ದೂರಶಿಕ್ಷಣದಲ್ಲಿ ಎಂಎ ಸೈಕಾಲಜಿ ಮಾಡಿದರೆ ಹೇಗೆ? ನಮ್ಮ ಅಕ್ಕನ ಫ್ರೆಂಡ್ ಇಗ್ನೊದಲ್ಲಿ ಮಾಡಿದ್ದರು. ಖರ್ಚು ಕಡಿಮೆ ಅಂತ ಕೇಳಿದೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಆ ಬಾಗಿಲು ಮುಚ್ಚಿದೆ ಪುಟ್ಟಿ. 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ನಡೆಸುವ ಹಾಗಿಲ್ಲ ಅಂತ ಯುಜಿಸಿ ಹೇಳಿದೆ. 2021ರಲ್ಲಿ ಆರೋಗ್ಯ ವೃತ್ತಿಗಳಿಗೆ ಒಂದು ಹೊಸ ಆಯೋಗದ ಕಾಯ್ದೆ ಬಂತು, ಸೈಕಾಲಜಿ ಅದರ ಅಡಿಗೆ ಬಂದಿದ್ದಕ್ಕೆ ಈ ನಿಯಮ. ಯಾರಾದರೂ ಈಗಲೂ ಸೀಟು ಕೊಡುತ್ತೇವೆ ಅಂದರೆ ಹತ್ತಿರ ಹೋಗಬೇಡ. ಮುಂಚೆ ಸೇರಿ ಓದಿದವರ ಡಿಗ್ರಿಗೆ ಇದರಿಂದ ತೊಂದರೆ ಇಲ್ಲ.

ನನಗೆ ಇದು ಬೇಜಾರಿನ ವಿಷಯವೇ. ಹಳ್ಳಿಯ ಹೆಣ್ಣುಮಕ್ಕಳು, ಮದುವೆಯಾದವರು ಎಷ್ಟೋ ಜನ ಹಾಗೇ ಓದಿದರು.

ಅಂತರಗಂಗೆ, ಕೋಲಾರ:
ನನ್ನ ಅಭಿಪ್ರಾಯ ಬೇರೆ. ರೋಗಿಯ ಮುಖ ನೋಡದೆ, ಒಂದು ಪ್ರಾಕ್ಟಿಕಲ್ ಸರಿಯಾಗಿ ಮಾಡದೆ ಎಂಎ ಮುಗಿಸಿ ಬಂದವರನ್ನು ನಾನು ನೋಡಿದ್ದೇನೆ. ನಿಲ್ಲಿಸಿದ್ದು ಸರಿ. ಬದಲಿಗೆ ಜಿಲ್ಲೆಗಳಲ್ಲಿ ರೆಗ್ಯುಲರ್ ಸೀಟು ಜಾಸ್ತಿ ಮಾಡಬೇಕಿತ್ತು, ಅದನ್ನು ಮಾಡಲಿಲ್ಲ.

ಗೀಜಗ, ನಿನ್ನ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಆರ್‌ಸಿಐ ಒಪ್ಪಿದ ಎರಡು ವರ್ಷದ ಎಂಎಗೆ ಸರ್ಕಾರಿ ಸಂಸ್ಥೆಯಲ್ಲಿ ಪ್ರಯತ್ನ, ಖಾಸಗಿಯಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟಲು ಹೋಗುವುದಿಲ್ಲ. ಸಿಗದಿದ್ದರೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಎಂಎ, ಇಲ್ಲ ಎಂಎಸ್‌ಡಬ್ಲ್ಯೂ. ಬಿಎ ಸೈಕಾಲಜಿ ಮೇಲೆ ಎಂಎಸ್‌ಡಬ್ಲ್ಯೂ ಮಾಡಿದವರು ನಮ್ಮ ಜಿಲ್ಲೆಗಳಲ್ಲಿ ಬೇಗ ಕೆಲಸ ಹಿಡಿಯುತ್ತಾರೆ ಅನ್ನುವುದು ನನ್ನ ಅನುಭವ. ಸೈಕಾಲಜಿಯವಳಾಗಿ ಇದನ್ನು ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ.

ಸುಮ್ನೆ ಓದುಗ:
ಆಯಿತು, ನಾನು ಸ್ವಲ್ಪ ತಣ್ಣಗಾದೆ. ನಂದಿ ಮೇಡಂ, ಆ ಐಸಿಟಿಸಿ ಹುದ್ದೆಗೆ ವಯಸ್ಸಿನ ಮಿತಿ ಏನಾದರೂ ಇದೆಯಾ? ನನಗೆ 31.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
31 ಏನು ದೊಡ್ಡ ವಯಸ್ಸಲ್ಲ ಅಣ್ಣ. ಮಿತಿ ಆಯಾ ಅಧಿಸೂಚನೆಯಲ್ಲಿ ಬರೆದಿರುತ್ತದೆ, ಅದನ್ನು ನೋಡಿ. ನಿಮ್ಮ ಎಂಎಸ್‌ಸಿ ಮಾರ್ಕ್ಸ್ ಕಾರ್ಡ್, ಕಾನ್ವೊಕೇಷನ್ ಸರ್ಟಿಫಿಕೇಟ್, ಜಾತಿ ಪ್ರಮಾಣಪತ್ರ ಎಲ್ಲ ಜೆರಾಕ್ಸ್ ಮಾಡಿ ಒಂದು ಫೈಲ್‌ನಲ್ಲಿ ಇಟ್ಟುಕೊಂಡಿರಿ. ಅಷ್ಟರಲ್ಲಿ ತುಮಕೂರು ಡಿಎಚ್‌ಒ ಕಚೇರಿಗೆ ಒಂದು ಸಲ ಹೋಗಿ ಬನ್ನಿ. ಅಂಗಡಿ ಬಾಗಿಲು ಹಾಕುವ ದಿನವೇ ಹೋದರೆ ಕಚೇರಿಯೂ ರಜೆ ಇರಬಹುದು, ನೋಡಿಕೊಂಡು ಹೋಗಿ.

ಕೊರಟಗೆರೆ ಹುಡುಗ:
ಮೇಷ್ಟ್ರೆ, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ತಮ್ಮ ಈ ವರ್ಷ ಬಿಎಗೆ ಸೇರುತ್ತಿದ್ದಾನೆ. ಅವನಿಗೂ ಸೈಕಾಲಜಿ ಬೇಕಂತೆ. ಸೈಕಾಲಜಿ, ಸಮಾಜಶಾಸ್ತ್ರ, ಪತ್ರಿಕೋದ್ಯಮ ಸಿಗುತ್ತದಂತೆ. ತೆಗೆದುಕೊಳ್ಳಬಹುದಾ?

ತಿಪಟೂರು ಮೇಷ್ಟ್ರು:
ಮುಂದೆ ಬಿ.ಇಡಿ. ಆಸೆ ಇದ್ದರೆ ಒಂದಾದರೂ ಶಾಲೆಯ ವಿಷಯ ಇರಲಿ. ಇತಿಹಾಸವೋ, ಕನ್ನಡವೋ, ಇಂಗ್ಲಿಷೋ. ಪತ್ರಿಕೋದ್ಯಮ ಬಿಟ್ಟು ಐಚ್ಛಿಕ ಇಂಗ್ಲಿಷ್ ಸಿಗುತ್ತದಾ ಕೇಳು. ಸಿಕ್ಕರೆ ಸೈಕಾಲಜಿ ಪುಸ್ತಕ ಓದುವುದಕ್ಕೂ ಆಗುತ್ತದೆ. ಕಾಂಬಿನೇಷನ್ ಬದಲಿಸಲು ಕಾಲೇಜು ಶುರುವಾದ ಮೊದಲ ಕೆಲವು ದಿನ ಮಾತ್ರ ಬಿಡುತ್ತಾರೆ, ನಾಳೆಯೇ ಹೋಗಿ ಪ್ರಿನ್ಸಿಪಾಲರನ್ನು ನೋಡು.